ಪದಚರ್ಚೆ: ಮ್ಯಾಚ್ ಮೇಲೆ ಕಟ್ಟುತ್ತಾರೆ, ಸ್ಲಾಟಿಗೆ ಏನು ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಒಂದು ಬಳಗಕ್ಕಾಗಿ ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ಕಾಲೇಜು ಹುಡುಗರಿಗೆ ಜೂಜಿನ ಹಿಂದಿನ ಲೆಕ್ಕ ಹೇಳುವ ಪುಸ್ತಿಕೆ. ಬುದ್ಧಿವಾದ ಕಡಿಮೆ, ಗಣಿತ ಜಾಸ್ತಿ. ಅದರಲ್ಲಿ ಒಂದು ಅಧ್ಯಾಯದ ಪದಗಳು ಸತಾಯಿಸುತ್ತಿವೆ. ಕ್ರಿಕೆಟ್ ಮೇಲೆ ಹಣ ಕಟ್ಟಿ ಅಭ್ಯಾಸ ಇರುವವನು ಆನ್‌ಲೈನ್ ಸ್ಲಾಟ್ ಆಟಕ್ಕೆ (ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಜೂಜು) ಹೋದರೆ ಏನನ್ನು ನೋಡಿ ಆಟ ಆರಿಸುತ್ತಾನೆ ಅನ್ನುವುದು ಆ ಅಧ್ಯಾಯದ ವಿಷಯ. ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಮಳೆ ಬಂದು ಮ್ಯಾಚ್ ನಿಂತರೆ ಬೆರಳು ಪಕ್ಕದ ಗುಂಡಿಗೆ ಹೋಗುತ್ತದೆ, ಅಷ್ಟೇ ದೂರ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯ್ದೆಯ ಪ್ರಕಾರ ಹಣ ಇಟ್ಟು ಆಡುವ ಆನ್‌ಲೈನ್ ಆಟ ನಡೆಸುವುದಕ್ಕೂ ಅದರ ಜಾಹೀರಾತಿಗೂ ನಿಷೇಧ ಇದೆ. ಕೌಶಲದ ಆಟ, ಅದೃಷ್ಟದ ಆಟ ಅಂತ ಕೋರ್ಟುಗಳು 1957ರಿಂದ ಎಳೆದುಕೊಂಡು ಬಂದ ಗೆರೆಯನ್ನು ಆ ಕಾಯ್ದೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನನ್ನ ಪ್ರಶ್ನೆ ಮಾತ್ರ ಆ ಗೆರೆಯ ಬಗ್ಗೆಯೇ. ಆನ್‌ಲೈನ್ ಆಟದ ಕಾನೂನಿನಲ್ಲಿ ಅಳಿಸಿಹೋದರೂ ಮಾತಿನಲ್ಲಿ ಅದು ಇನ್ನೂ ಇದೆ.

ಮೊದಲ ತೊಡಕು ಕ್ರಿಯಾಪದದ್ದು. ನಮ್ಮಲ್ಲಿ ಹಣ 'ಕಟ್ಟುತ್ತಾರೆ'. 'ಮುಂಬೈ ಮೇಲೆ ಐನೂರು ಕಟ್ಟಿದ' ಅನ್ನುತ್ತೇವೆ. ಕೋಳಿ ಅಂಕದಲ್ಲಿ ಕೋಳಿಯ ಮೇಲೆ ಕಟ್ಟುತ್ತಾರೆ. ಉಲಾಯಿ-ಪಿದಾಯಿ ಅನ್ನುವ ಇಸ್ಪೀಟ್ ಜೂಜಿನಲ್ಲಿ (ಅಂದರ್-ಬಾಹರ್) ಒಳಗಿನ ಮೇಲೋ ಹೊರಗಿನ ಮೇಲೋ ಕಟ್ಟುತ್ತಾರೆ. ಗಮನಿಸಿ, 'ಕಟ್ಟು' ಅಂದಕೂಡಲೇ 'ಯಾವುದರ ಮೇಲೆ' ಅನ್ನುವ ಪ್ರಶ್ನೆ ಹುಟ್ಟುತ್ತದೆ. ಎರಡು ಪಕ್ಷ ಇರಬೇಕು, ಅದರಲ್ಲಿ ಒಂದನ್ನು ಆರಿಸಿರಬೇಕು. ಸ್ಲಾಟಿನಲ್ಲಿ ಆ 'ಮೇಲೆ' ಇಲ್ಲ. ಗುಂಡಿ ಒತ್ತುವವನು ಯಾವ ಚಿತ್ರದ ಪರವೂ ಅಲ್ಲ, ಯಾವುದರ ವಿರುದ್ಧವೂ ಅಲ್ಲ. ಗೋವಾದ ಕ್ಯಾಸಿನೋ ನೋಡಿ ಬಂದ ಪರಿಚಯದ ರಿಕ್ಷಾ ಚಾಲಕರೊಬ್ಬರನ್ನು ಕೇಳಿದೆ. 'ಮೆಷಿನಿಗೆ ಕಟ್ಟುದು ಎಂತದು ಮಾರಾಯ್ರೆ, ಅದಕ್ಕೆ ಹಾಕುದು' ಅಂದರು. ನನಗೆ ಅದೇ ಸರಿ ಅನ್ನಿಸಿತು. ಮೇಲೆ ಕಟ್ಟುವುದು ಬೇರೆ, ಒಳಗೆ ಹಾಕುವುದು ಬೇರೆ. ಪುಸ್ತಿಕೆಯ ಉದ್ದಕ್ಕೂ ಮ್ಯಾಚಿಗೆ 'ಕಟ್ಟು', ಸ್ಲಾಟಿಗೆ 'ಹಾಕು' ಅಂತಲೇ ಬಳಸೋಣ ಅಂದುಕೊಂಡಿದ್ದೇನೆ. 'ಪಣ ಒಡ್ಡು' ಎರಡಕ್ಕೂ ಆಗುತ್ತದಲ್ಲ ಅಂತ ಕೆಲವರು ಹೇಳಬಹುದು. ಎರಡಕ್ಕೂ ಆಗುತ್ತದೆ, ಅದಕ್ಕೇ ಬೇಡ.

ಇನ್ನು 'ಸ್ಲಾಟ್'. ಹಾಗೇ ಇಟ್ಟರೆ ಓದುವವರಿಗೆ ಮೊದಲು ನೆನಪಾಗುವುದು ಡ್ರೈವಿಂಗ್ ಟೆಸ್ಟಿಗೆ ಬುಕ್ ಮಾಡುವ ಸ್ಲಾಟ್. ಮೂಲದಲ್ಲಿ ಅದು ನಾಣ್ಯ ತೂರಿಸುವ ಕಿಂಡಿ. ಆದರೆ ಉಡುಪಿಯಲ್ಲಿ ಕೂತು ಜೂಜಿನ ಮೆಷಿನಿಗೆ 'ಕಿಂಡಿ' ಅನ್ನಲು ನನಗಂತೂ ಧೈರ್ಯ ಇಲ್ಲ, ಕನಕನ ಕಿಂಡಿ ನಾಲ್ಕು ಹೆಜ್ಜೆಯಲ್ಲಿದೆ! ಕಿಟ್ಟೆಲ್ ನಿಘಂಟಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಅದು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂತು. ಅದೇ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಮೂರು ರೀಲಿನ (ಚಿತ್ರಗಳಿರುವ, ತಿರುಗುವ ಉರುಳೆ) ಲಿಬರ್ಟಿ ಬೆಲ್ ಅನ್ನುವ ಸ್ಲಾಟ್ ಮೆಷಿನು ಮಾಡಿದ. ಕಿಟ್ಟೆಲ್, ಫೇ ಇಬ್ಬರೂ ಜರ್ಮನಿಯಲ್ಲಿ ಹುಟ್ಟಿದವರು ಅನ್ನುವುದು ಸುಮ್ನೆ ಒಂದು ತಮಾಷೆ. ಉಲಾಯಿ-ಪಿದಾಯಿಗೆ ಹೆಸರಿಟ್ಟವರು ಕಣ್ಣಿಗೆ ಕಂಡದ್ದನ್ನೇ ಹೇಳಿದರು: ಎಲೆ ಒಳಗೆ ಬಿತ್ತು, ಹೊರಗೆ ಬಿತ್ತು. ಅದೇ ದಾರಿಯಲ್ಲಿ ಹೋದರೆ ಇದು 'ಗಿರಗಿಟ್ಲೆ ಜೂಜು'. ಅಧ್ಯಾಯದ ತಲೆಬರಹಕ್ಕೆ ಅದನ್ನು ಇಟ್ಟು, ಒಳಗೆ 'ಸ್ಲಾಟ್' ಅಂತಲೇ ಬರೆದರೆ ಹೇಗೆ?

ನಿಜವಾದ ತಲೆನೋವು ಮುಂದಿದೆ. ಬೆಟ್ಟಿಂಗ್‌ನವರು 'ರೇಟು' ಅನ್ನುತ್ತಾರಲ್ಲ, ಅದರಲ್ಲಿ ಎರಡು ಸುದ್ದಿ ಇರುತ್ತದೆ. 1.90 ರೇಟು ಅಂದರೆ ಗೆದ್ದರೆ 100ಕ್ಕೆ 190. ಜೊತೆಗೆ ಆ ತಂಡ ಗೆಲ್ಲುವ ಸಾಧ್ಯತೆಯನ್ನು ಹೆಚ್ಚುಕಡಿಮೆ 52.6 ಶೇಕಡಾ ಅಂತ ಇಟ್ಟಿದ್ದಾರೆ ಅನ್ನುವುದೂ ಅದರಲ್ಲೇ ಇದೆ. ಇದು ಜಾಸ್ತಿ, ಆ ತಂಡ ಅಷ್ಟು ಒಳ್ಳೆಯದಲ್ಲ ಅಂತ ಜಗಳ ಆಡಬಹುದು. ಜಗಳಕ್ಕೆ ಪಿಚ್ ಇದೆ, ಟಾಸ್ ಇದೆ, ಬೌಲರಿನ ಭುಜದ ನೋವು ಇದೆ. ಸ್ಲಾಟಿನ ಪಟ್ಟಿಯಲ್ಲಿ 'ಐದು ಚಿತ್ರ ಒಂದೇ ಬಂದರೆ 5000 ಪಟ್ಟು' ಅಂತ ಇರುತ್ತದೆ. ನೋಡಲು ರೇಟಿನ ಹಾಗೇ ಇದೆ. ಆದರೆ ಐದು ಚಿತ್ರ ಬರುವ ಸಾಧ್ಯತೆ ಎಷ್ಟು ಅಂತ ಆ ಪಟ್ಟಿ ಹೇಳುವುದಿಲ್ಲ. ಹಾಗಾಗಿ ಇದನ್ನು 'ರೇಟು' ಅಂತ ಅನುವಾದಿಸಬಾರದು ಅನ್ನುವುದು ನನ್ನ ವಾದ. ಸುಮ್ನೆ 'ಕೊಡುವ ಪಟ್ಟಿ' ಸಾಕು.

ಹಳೆಯ ಮೆಷಿನಿನಲ್ಲಿ ಕೊನೇಪಕ್ಷ ಎಣಿಸಬಹುದಿತ್ತು. ಮೂರು ರೀಲು, ಒಂದೊಂದರಲ್ಲಿ 20 ಚಿತ್ರ ಇದ್ದರೆ ಒಟ್ಟು 8000 ಜೋಡಣೆ. ದೊಡ್ಡ ಬಹುಮಾನ ಅದಕ್ಕಿಂತ ಅಪರೂಪ ಆಗಲು ಸಾಧ್ಯವೇ ಇರಲಿಲ್ಲ. 1984ರಲ್ಲಿ ಇಂಗೆ ಟೆಲ್ನೆಸ್ ಅನ್ನುವವರಿಗೆ ಸಿಕ್ಕ ಪೇಟೆಂಟ್ ಇದನ್ನು ಬದಲಾಯಿಸಿತು. ಮೊದಲು ಕಂಪ್ಯೂಟರ್ ಒಂದು ಸಂಖ್ಯೆ ಎತ್ತುತ್ತದೆ, ಆಮೇಲೆ ಅದಕ್ಕೆ ಹೊಂದುವ ಕಡೆ ರೀಲು ನಿಲ್ಲುತ್ತದೆ. ಒಂದೊಂದು ರೀಲಿಗೆ ಒಳಗೊಳಗೆ 64 ಜಾಗ ಕೊಟ್ಟರೆ ಜೋಡಣೆ 2,62,144 ಆಗುತ್ತದೆ, ಕಣ್ಣಿಗೆ ಕಾಣುವ ರೀಲು ಅದೇ. ಬೇಡದ ಚಿತ್ರಕ್ಕೆ ಹೆಚ್ಚು ಜಾಗ, ಬೇಕಾದದ್ದಕ್ಕೆ ಒಂದೇ ಜಾಗ ಕೊಡಬಹುದು. ದೊಡ್ಡ ಚಿತ್ರ ಗೆರೆಯ ಸ್ವಲ್ಪ ಮೇಲೋ ಕೆಳಗೋ ನಿಲ್ಲುವುದನ್ನು ಹೆಚ್ಚು ಮಾಡಬಹುದು. ಆಗ ಆಡುವವನು 'ಛೇ, ಕೂದಲೆಳೆಯಲ್ಲಿ ತಪ್ಪಿತು' ಅನ್ನುತ್ತಾನೆ. ಕ್ರಿಕೆಟಿನಲ್ಲಿ ಆ ಮಾತಿಗೆ ಅರ್ಥ ಇದೆ. ಕೊನೆಯ ಚೆಂಡಿಗೆ ಎರಡು ರನ್ನಿನಲ್ಲಿ ಸೋತ ತಂಡ ನಿಜವಾಗಿ ಹತ್ತಿರ ಬಂದಿತ್ತು. ಇಲ್ಲಿ ಹತ್ತಿರ ಅನ್ನುವುದೇ ಇಲ್ಲ. ಆನ್‌ಲೈನಿನಲ್ಲಂತೂ ರೀಲು ತಿರುಗುವುದು ಬರೀ ಚಿತ್ರ, ಗುಂಡಿ ಒತ್ತಿದಾಗಲೇ ಫಲಿತಾಂಶ ಆಗಿಹೋಗಿರುತ್ತದೆ. ಇದಕ್ಕೆ ಯಾವ ಪದ? 'ಹುಸಿ ಹತ್ತಿರ' ಅಂತ ಬರೆದಿದ್ದೇನೆ, ಕಿವಿಗೆ ಅಷ್ಟು ಸರಿಯಾಗುತ್ತಿಲ್ಲ.

ಇದರ ತಂಗಿಯಂಥದ್ದು ಇನ್ನೊಂದಿದೆ. 20 ರೂಪಾಯಿ ಹಾಕಿದ, 6 ರೂಪಾಯಿ ಬಂತು, ಮೆಷಿನು ವಾದ್ಯ ಬಾರಿಸಿ 'ಗೆದ್ದಿರಿ' ಅನ್ನುತ್ತದೆ. 14 ಹೋದದ್ದು ಗೆಲುವು! ಇದಕ್ಕೆ 'ಹುಸಿಗೆಲುವು' ಚೆನ್ನಾಗಿ ಕೂರುತ್ತದೆ, ಇದನ್ನು ಬಿಡುವುದಿಲ್ಲ.

ಈಗ ಶೇಕಡಾ 96ರ ವಿಷಯ. ಆಟದ ಮಾಹಿತಿ ಪುಟದಲ್ಲಿ ಆರ್‌ಟಿಪಿ 96 ಅಂತ ಇರುತ್ತದೆ. ಆಡುವವರಿಗೆ ವಾಪಸ್ ಹೋಗುವ ಪಾಲು ಅದು, ಲಕ್ಷಾಂತರ ಸುತ್ತುಗಳ ಸರಾಸರಿ. 'ವಾಪಸಾತಿ' ಅಂತ ಅನುವಾದ ಮಾಡಿದರೆ ಪದ ಸರಿ, ಓದುವವನಿಗೆ ಮೋಸ. ನೂರು ತೆಗೆದುಕೊಂಡು ಕೂತರೆ ತೊಂಬತ್ತಾರು ಹಿಡಿದು ಮನೆಗೆ ಬರಬಹುದು ಅಂದುಕೊಳ್ಳುತ್ತಾನೆ. ಆ 96 ಅನ್ನುವುದು ಪ್ರತಿ ಸುತ್ತಿಗೆ. ಬಂದ 96ನ್ನು ಮತ್ತೆ ಹಾಕಿದರೆ ಸರಾಸರಿ 92.16. ಹೀಗೆ ಪೂರ್ತಿ ಹಣ 17 ಸಲ ಮೆಷಿನಿನೊಳಗೆ ಹೋಗಿ ಬಂದರೆ ಅರ್ಧ ಉಳಿಯುತ್ತದೆ.

ಬೆಟ್ಟಿಂಗ್ ಗೊತ್ತಿರುವವನು ಎಡವುವುದೂ ಇಲ್ಲೇ. ಎರಡೂ ಕಡೆ 1.90 ಇರುವ ಮ್ಯಾಚಿನಲ್ಲಿ ನಡೆಸುವವರು ಮುರಿದುಕೊಳ್ಳುವುದು ಶೇಕಡಾ 5. ಸ್ಲಾಟಿನಲ್ಲಿ 4. ಹಾಗಾದರೆ ಸ್ಲಾಟೇ ವಾಸಿ ಅಲ್ವಾ? ಲೆಕ್ಕ ಹಾಕಿ. ಮ್ಯಾಚಿನ ಮೇಲೆ 500 ಕಟ್ಟಿ ಮೂರೂವರೆ ಗಂಟೆ ನೋಡಿದರೆ ಸರಾಸರಿ ಹೋಗುವುದು 25 ರೂಪಾಯಿ. ಅಷ್ಟೇ ಹೊತ್ತು ಸ್ಲಾಟಿನಲ್ಲಿ ನಿಮಿಷಕ್ಕೆ 10 ಸುತ್ತು, ಸುತ್ತಿಗೆ 10 ರೂಪಾಯಿ ಹಾಕಿದರೆ 2100 ಸುತ್ತು, 21,000 ರೂಪಾಯಿ ತಿರುಗುತ್ತದೆ, ಹೋಗುವುದು 840. ಬ್ರಿಟನ್ನಿನವರು ಇದನ್ನು ಅರಿತೇ 2021ರಲ್ಲಿ ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡು ಬೇಕು ಅಂತ ನಿಯಮ ಮಾಡಿದರು. 2025ರಲ್ಲಿ ಸುತ್ತಿಗೆ ಗರಿಷ್ಠ 5 ಪೌಂಡ್ ಅಂದರು, 18ರಿಂದ 24 ವಯಸ್ಸಿನವರಿಗೆ 2 ಪೌಂಡ್.

ಆದ್ದರಿಂದ 96 ಅನ್ನುವ ಬದಲು ಆಚೆ ಕಡೆಯಿಂದ ಹೇಳಿ 'ಸುತ್ತಿಗೆ 4 ಕಡಿತ' ಅಂತ ಬರೆಯುವುದು ನನ್ನ ಯೋಚನೆ. ಸಂಬಳದ ಕಡಿತ ಎಲ್ಲರಿಗೂ ಗೊತ್ತು. ಕೆಲವು ಕಂಪನಿಗಳು ಒಂದೇ ಆಟವನ್ನು ಬೇರೆ ಬೇರೆ ಕಡಿತದಲ್ಲಿ ಕೊಡುತ್ತವೆ. ಹೆಸರು, ಚಿತ್ರ, ಸದ್ದು ಎಲ್ಲ ಅದೇ, ಒಂದು ಕಡೆ 4, ಇನ್ನೊಂದು ಕಡೆ 6. ನಾಲ್ಕು ಕಡೆ ರೇಟು ಹೋಲಿಸಿ ನೋಡುವ ಬೆಟ್ಟಿಂಗ್‌ನವನ ಅಭ್ಯಾಸ ಸ್ಲಾಟಿನಲ್ಲಿ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಆದರೆ ಆಗಲೂ ಅವನು ಆರಿಸುತ್ತಿರುವುದು ಎಷ್ಟು ಬೇಗ ಸೋಲುತ್ತೇನೆ ಅನ್ನುವುದನ್ನು. ಬೋನಸ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. 1000 ಬೋನಸ್ ಕೊಟ್ಟು, ಅದು ಕೈಗೆ ಬರುವ ಮೊದಲು ಅದರ 35 ಪಟ್ಟು ಆಡಿ ಮುಗಿಸಿ ಅಂದರೆ 35,000 ತಿರುಗಬೇಕು. ಅದರ ಶೇಕಡಾ 4 ಅಂದರೆ 1400.

ಇಂಗ್ಲಿಷಿನವರು ವೊಲಟಿಲಿಟಿ ಅನ್ನುವುದಕ್ಕೆ ಕನ್ನಡದಲ್ಲಿ 'ಏರಿಳಿತ' ಅಂತ ಷೇರುಪೇಟೆಯ ಪದ ತರುವವರಿದ್ದಾರೆ. ನನಗೆ ಹಿಡಿಸಲಿಲ್ಲ. ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ ಅನ್ನುವ ಆಸೆ ಅದರಲ್ಲಿದೆ. ನಾನು 'ಚಿಲ್ಲರೆ ಸ್ಲಾಟ್', 'ಗಂಟಿನ ಸ್ಲಾಟ್' ಅಂತ ಬರೆದಿದ್ದೇನೆ. ಒಂದು ಆಗಾಗ ಸಣ್ಣ ಸಣ್ಣ ಮೊತ್ತ ಕೊಡುತ್ತದೆ. ಇನ್ನೊಂದು ಬಹಳ ಹೊತ್ತು ಏನೂ ಕೊಡದೆ ಅಪರೂಪಕ್ಕೆ ಗಂಟು ಕೊಡುತ್ತದೆ. ಕಡಿತ ಎರಡರಲ್ಲೂ ಒಂದೇ ಇರಬಹುದು. 1.30 ರೇಟಿನ ತಂಡದ ಮೇಲೆ ಕಟ್ಟುವುದಕ್ಕೂ ಆರು ಮ್ಯಾಚ್ ಒಟ್ಟು ಸೇರಿಸಿ ಕಟ್ಟುವುದಕ್ಕೂ ಇರುವ ವ್ಯತ್ಯಾಸ ಬೆಟ್ಟಿಂಗ್‌ನವನಿಗೆ ಗೊತ್ತು, ಹಾಗಾಗಿ ಇದು ಅವನಿಗೆ ಬೇಗ ಅರ್ಥವಾಗುತ್ತದೆ. ಎಲ್ಲರ ಹಣದಿಂದ ಬೆಳೆಯುತ್ತಾ ಹೋಗುವ ಜಾಕ್‌ಪಾಟಿಗೆ 'ಬಂಪರ್' ಸಾಕು. ತಲಪಾಡಿ ದಾಟಿ ಕೇರಳ ಲಾಟರಿ ತೆಗೆದುಕೊಳ್ಳುವವರ ಬಾಯಲ್ಲಿ ಅದು ಆಗಲೇ ಇದೆ.

ಬೇಡವೇ ಬೇಡ ಅನ್ನಿಸುವ ಪದಗಳೂ ಇವೆ. 'ಮೆಷಿನು ಫಾರ್ಮಿನಲ್ಲಿದೆ', 'ಇನ್ನೂ ಕೊಟ್ಟಿಲ್ಲ, ಈಗ ಕೊಡಬೇಕು'. ಬ್ಯಾಟ್ಸ್‌ಮನ್ನಿಗೆ ಫಾರ್ಮ್ ಇರುತ್ತದೆ, ಅವನಿಗೆ ನೆನಪು, ಮೈ, ಆತ್ಮವಿಶ್ವಾಸ ಇದೆ. ಸ್ಲಾಟ್ ಅಂದರೆ ಡಬ್ಬಿಯಿಂದ ಚೀಟಿ ಎತ್ತಿ, ಓದಿ, ಅದೇ ಚೀಟಿಯನ್ನು ವಾಪಸ್ ಡಬ್ಬಿಗೆ ಹಾಕಿ ಮತ್ತೆ ಎತ್ತಿದ ಹಾಗೆ. ಹಿಂದಿನ ಚೀಟಿಗೂ ಮುಂದಿನದಕ್ಕೂ ಸಂಬಂಧ ಇಲ್ಲ. ಪಠ್ಯಪುಸ್ತಕದ 'ಯಾದೃಚ್ಛಿಕ ಸಂಖ್ಯೆ'ಯ ಬದಲು 'ಚೀಟಿ ಸಂಖ್ಯೆ' ಅಂದರೆ ಹುಡುಗರು ಬೇಗ ಹಿಡಿಯುತ್ತಾರೆ. ಗಣಿತದ ಮೇಷ್ಟ್ರುಗಳು ಬೈಯಬಹುದು, ಬೈಯಲಿ.

ನನಗೆ ಬೇಕಾದದ್ದು ಮೂರು. 'ಹುಸಿ ಹತ್ತಿರ'ಕ್ಕಿಂತ ಒಳ್ಳೆಯ ಪದ. ಮ್ಯಾಚಿಗೆ 'ಕಟ್ಟು', ಸ್ಲಾಟಿಗೆ 'ಹಾಕು' ಅನ್ನುವ ಭೇದ ಘಟ್ಟದ ಮೇಲಿನವರ ಕಿವಿಗೂ ಸರಿಯಾಗಿ ಕೇಳುತ್ತದಾ ಅನ್ನುವ ಅಭಿಪ್ರಾಯ. ಮತ್ತೆ, ಕುಂದಾಪುರ, ಬೈಂದೂರು ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಕೋಳಿ ಅಂಕದಲ್ಲೋ ಇಸ್ಪೀಟಿನಲ್ಲೋ ಆಟ ನಡೆಸುವವನು ಪ್ರತಿ ಸಲ ತನ್ನ ಪಾಲು ಅಂತ ಮುರಿದುಕೊಳ್ಳುವ ಹಣಕ್ಕೆ ನಿಮ್ಮ ಕನ್ನಡದಲ್ಲಿ ಹೆಸರೇನು? ಇದ್ದರೆ 'ಕಡಿತ' ತೆಗೆದು ಅದನ್ನೇ ಹಾಕುತ್ತೇನೆ.