ಎಂಜಲು, ಗಂಜಿ, ಅಯೋಡಿನ್: ಮೂರು ಲೋಟದಲ್ಲೂ ನೀಲಿ ಬರ್ಲಿಲ್ಲ, ಎಲ್ಲಿ ತಪ್ಪಾಯ್ತು?

ಪುಟ್ಟಿ ಅಮ್ಮ:
ಮಗಳು 10ನೇ ಕ್ಲಾಸು, ಸೈನ್ಸ್ ಎಕ್ಸಿಬಿಷನ್ ಇದೆ. ಪುಸ್ತಕದಲ್ಲಿ ಪಿಷ್ಟಕ್ಕೆ ಎಂಜಲು ಹಾಕಿ ಅರ್ಧ ಗಂಟೆ ಬಿಟ್ಟು ಅಯೋಡಿನ್ ಹಾಕೋದು ಇದ್ಯಲ್ಲ (ಪಿಷ್ಟ ಉಳಿದಿದ್ರೆ ನೀಲಿ, ಎಂಜಲಿನ ಕಿಣ್ವ ಅದನ್ನ ಮುರಿದಿದ್ರೆ ನೀಲಿ ಇಲ್ಲ), ಅದನ್ನೇ ಮುಂದುವರಿಸಿ ಪಿಎಚ್ (ಹುಳಿ-ಕ್ಷಾರದ ಅಳತೆ) ಬದಲಾದ್ರೆ ಕಿಣ್ವ ಹೇಗೆ ಕೆಲ್ಸ ಮಾಡುತ್ತೆ ಅಂತ ತೋರಿಸ್ತೀನಿ ಅಂತ ಹೊರಟಿದಾಳೆ. ಭಾನುವಾರ ಮೂರು ಲೋಟಕ್ಕೆ ಅನ್ನದ ಗಂಜಿತಿಳಿ ಹಾಕಿ, ಒಂದಕ್ಕೆ ನಿಂಬೆರಸ, ಒಂದಕ್ಕೆ ವಾಷಿಂಗ್ ಸೋಡಾ, ಒಂದು ಹಾಗೇ ಬಿಟ್ಟು, ಮೂರಕ್ಕೂ ಎಂಜಲು ಹಾಕಿದ್ವಿ. ಆಮೇಲೆ ಎರಡೆರಡು ಹನಿ ಅಯೋಡಿನ್ ಹಾಕಿದ್ರೆ ಒಂದರಲ್ಲೂ ನೀಲಿ ಇಲ್ಲ!! ಹುಳೀಲಿ, ಸೋಡಾದಲ್ಲಿ ಕಿಣ್ವ ಕೆಲ್ಸ ಮಾಡಲ್ಲ ಅಂತಲ್ವಾ ಓದಿದ್ದು, ಹಾಗಿದ್ರೆ ಅವೆರಡೂ ನೀಲಿ ಆಗ್ಬೇಕಿತ್ತು ತಾನೇ?

ಹಳೇ ಮೇಷ್ಟ್ರು:
ಎಂಜಲೇ ಹಾಕದೆ, ಬರೀ ಗಂಜಿ + ನಿಂಬೆರಸ + ಅಯೋಡಿನ್ ಮಾಡಿ ನೋಡಿದ್ರಾ ತಾಯಿ? ಸೋಡಾದ್ದೂ ಹಾಗೇ ಮಾಡಿ. ನೋಡಿ ಬಂದು ಹೇಳಿ.

ಪುಟ್ಟಿ ಅಮ್ಮ:
ಈಗಷ್ಟೇ ಮಾಡಿದ್ವಿ ಸರ್. ಎಂಜಲಿಲ್ಲದೇನೂ ನೀಲಿ ಬರ್ತಿಲ್ಲ! ಅಯೋಡಿನ್ ಹಳೇದಾಗಿದ್ಯಾ ಅಂತ ಬರೀ ಗಂಜಿಗೆ ಹಾಕಿದ್ರೆ ಕಡುನೀಲಿ.

ಹಳೇ ಮೇಷ್ಟ್ರು:
ಅಲ್ಲಿಗೆ ಕಳ್ಳ ಸಿಕ್ಕ. ನಿಮ್ಮ ಕಿಣ್ವದ್ದೇನೂ ತಪ್ಪಿಲ್ಲ, ನಿಂಬೆರಸದಲ್ಲಿರೋ ವಿಟಮಿನ್ ಸಿ ಅಯೋಡಿನ್ನನ್ನ ಅಯೋಡೈಡ್ ಮಾಡಿಬಿಡುತ್ತೆ, ಅದಕ್ಕೆ ಪಿಷ್ಟದ ಜೊತೆ ನೀಲಿ ಬರಲ್ಲ. ಅಯೋಡಿನ್ ಹನಿಹನಿಯಾಗಿ ಹಾಕ್ತಾ ಹೋಗಿ, ವಿಟಮಿನ್ ಸಿ ಮುಗಿದ ಮೇಲೆ ನೀಲಿ ಬಂದು ಹಾಗೇ ಉಳಿಯುತ್ತೆ. ವಾಷಿಂಗ್ ಸೋಡಾ ತುಂಬಾ ಕ್ಷಾರ, ಅದರಲ್ಲೂ ಅಯೋಡಿನ್ ಉಳಿಯಲ್ಲ. ಆ ಲೋಟಕ್ಕೆ ವಿನಿಗರ್ ಬಿಡ್ತಾ ಬನ್ನಿ (ಉಕ್ಕುತ್ತೆ, ದೊಡ್ಡ ಲೋಟ ತಗೊಳ್ಳಿ), ಹುಳಿಗೆ ತಿರುಗಿದ ಮೇಲೆ ಒಂದು ಹನಿ ಹೊಸ ಅಯೋಡಿನ್ ಹಾಕಿದ್ರೆ ಪಿಷ್ಟ ಅಲ್ಲೇ ಇದ್ದಿದ್ದು ಗೊತ್ತಾಗುತ್ತೆ.

ಅದಕ್ಕೆ ನಿಂಬೆ ಬದಲು ವಿನಿಗರ್, ವಾಷಿಂಗ್ ಸೋಡಾ ಬದಲು ಅಡುಗೆ ಸೋಡಾ. ಅಡುಗೆ ಸೋಡಾದ ಪಿಎಚ್ 8ರ ಆಸುಪಾಸು ಅಷ್ಟೇ. ಎಂಜಲಿನ ಅಮೈಲೇಸ್‌ಗೆ (ಪಿಷ್ಟ ಮುರಿಯೋ ಕಿಣ್ವ) 6.8ರ ಸುತ್ತಮುತ್ತ ಚೆನ್ನಾಗಿ ಒಗ್ಗುತ್ತೆ, ಅದರಿಂದ ಅಡುಗೆ ಸೋಡಾ ಲೋಟದಲ್ಲಿ ಅದರ ಕೆಲ್ಸ ನಿಲ್ಲಲ್ಲ, ನಿಧಾನ ಆಗುತ್ತೆ. ಅರ್ಧ ಗಂಟೆ ಕಾದು ಒಂದೇ ಸಲ ನೋಡಿದ್ರೆ ಆ ವ್ಯತ್ಯಾಸ ಸಿಗೋದೇ ಇಲ್ಲ. ಬಿಳಿ ಟೈಲ್ಸ್ ಮೇಲೆ ಅಯೋಡಿನ್ ಚುಕ್ಕೆ ಸಾಲಾಗಿ ಇಟ್ಕೊಂಡು, ನಿಮಿಷಕ್ಕೊಂದು ಸಲ ಲೋಟದಿಂದ ಒಂದು ಹನಿ ತೆಗೆದು ಬಿಡಿ, ಯಾವ ನಿಮಿಷಕ್ಕೆ ನೀಲಿ ಬರೋದು ನಿಂತಿತು ಅನ್ನೋದೇ ನಿಮ್ಮ ಗ್ರಾಫು. ಎಂಜಲನ್ನ ನೀರಲ್ಲಿ ತೆಳು ಮಾಡ್ಕೊಳ್ಳಿ, ಇಲ್ಲಾಂದ್ರೆ ಗಡಿಯಾರ ನೋಡೋಷ್ಟರಲ್ಲಿ ಮುಗಿದೋಗುತ್ತೆ. ಲೋಟಗಳು ಒಂದೇ ಉಗುರುಬೆಚ್ಚಗಿನ ನೀರಲ್ಲಿರ್ಲಿ, 37 ಡಿಗ್ರಿ ಹತ್ತಿರ.

ಅಂದಹಾಗೆ ಪಿಎಚ್ ಅನ್ನೋ ಅಳತೆ ಹುಟ್ಟಿದ್ದೇ ಕಿಣ್ವಗಳ ಅಧ್ಯಯನದಲ್ಲಿ, 1909ರಲ್ಲಿ ಸೋರೆನ್ಸನ್ ಅನ್ನೋ ರಸಾಯನ ವಿಜ್ಞಾನಿಯಿಂದ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಲ್ಯಾಬಲ್ಲಿ. ಚಾರ್ಟಲ್ಲಿ ಬರೀಬಹುದು, ಅದು ಬಿಯರ್ ಕಂಪನಿಯವರ ಲ್ಯಾಬು ಅನ್ನೋದು ಬೇಡ 😄

ರಾಗಿಮುದ್ದೆ:
ಎಲ್ರ ಮುಂದೆ ಲೋಟಕ್ಕೆ ಉಗಿಯೋಕೆ ಪಾಪ ಮಗೂಗೆ ಮುಜುಗರ ಆಗ್ಬಹುದು. ಮೊಳಕೆ ಕಟ್ಟಿದ ರಾಗಿ ಅರೆದು ಸೋಸಿದ ನೀರಲ್ಲೂ ಅಮೈಲೇಸ್ ಇರುತ್ತೆ ಅಕ್ಕ. ಆದ್ರೆ ಮೊಳಕೆ ಕಾಳಿನದ್ದು ಸ್ವಲ್ಪ ಹುಳಿ ಕಡೆಗೇ ಚೆನ್ನಾಗಿ ಕೆಲ್ಸ ಮಾಡೋದು, ಎಂಜಲಿನ ಗ್ರಾಫ್ ತರ ಬರಲ್ಲ. ಎರಡೂ ಪಕ್ಕಪಕ್ಕ ಇಟ್ರೆ ಇನ್ನೂ ಚೆಂದ.

ಪುಟ್ಟಿ ಅಮ್ಮ:
ಮಾಡಿದ್ವಿ! ಗಂಜಿಗೆ ಬರೀ ಎಂಜಲು ಹಾಕಿದ್ದು 4ನೇ ನಿಮಿಷಕ್ಕೆ ನೀಲಿ ಬರೋದು ನಿಂತಿತು, ಅಡುಗೆ ಸೋಡಾದ್ದು 9ಕ್ಕೆ, ವಿನಿಗರ್‌ದು 20 ನಿಮಿಷ ಆದ್ರೂ ಕಡುನೀಲೀನೇ. ಸೋಡಾದ್ರಲ್ಲಿ ನಡುವೆ ಒಂದೆರಡು ಚುಕ್ಕೆ ಕೆಂಪುಗಂದು ಆಯ್ತು, ಅದೇನು ಸರ್? ಕೊಳೆ ಇರ್ಬೇಕು ಅಂತ ಅಳಿಸೋಕೆ ಹೋಗಿದ್ಲು.

ಹಳೇ ಮೇಷ್ಟ್ರು:
ಅಯ್ಯೋ ಅಳಿಸ್ಬೇಡಿ! ಪಿಷ್ಟ ಅರ್ಧಂಬರ್ಧ ಮುರಿದಾಗ ಸಿಗೋ ಡೆಕ್ಸ್‌ಟ್ರಿನ್ ಅದು, ಅಯೋಡಿನ್ ಜೊತೆ ಕೆಂಪಾಗುತ್ತೆ. ಅದರದ್ದೇ ಒಂದು ಫೋಟೋ ತೆಗೆದು ಚಾರ್ಟಿಗೆ ಅಂಟಿಸಿ.