ಬಿಸಿಯಾದ ಮೇಲೆ ಮಂಕಾಗುವ ಹಳೆಯ ಆಸಿಲೋಸ್ಕೋಪ್: ಹೈ ವೋಲ್ಟೇಜ್ ದೋಷ ಹುಡುಕುವುದು ಹೇಗೆ?

ಕೇಳಿದವರು:
ನನ್ನ ಬಳಿ 1960ರ ದಶಕದ ಒಂದು ವಾಲ್ವ್ (ವ್ಯಾಕ್ಯೂಮ್ ಟ್ಯೂಬ್) ಆಸಿಲೋಸ್ಕೋಪ್ ಇದೆ, ಅಂದರೆ ವಿದ್ಯುತ್ ಸಿಗ್ನಲ್ಲಿನ ಆಕಾರವನ್ನು ಪರದೆಯ ಮೇಲೆ ತೋರಿಸುವ ಉಪಕರಣ. ಆನ್ ಮಾಡಿದಾಗ ಟ್ರೇಸ್ (ಪರದೆಯ ಮೇಲಿನ ಬೆಳಕಿನ ಗೆರೆ) ಚೆನ್ನಾಗಿಯೇ ಬರುತ್ತದೆ. ಅರ್ಧ ಗಂಟೆ ಆದ ಮೇಲೆ ಮಂಕಾಗುತ್ತದೆ, ಫೋಕಸ್ ಹೋಗುತ್ತದೆ, ಚಿತ್ರ ದೊಡ್ಡದಾಗುತ್ತಾ ಕೊನೆಗೆ ಮಾಯವಾಗುತ್ತದೆ. ತಣ್ಣಗಾದರೆ ಮತ್ತೆ ಸರಿ. ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹೋಗಿದೆ, ಇನ್ನು ಆಸೆ ಬಿಡಿ ಎಂದು ಒಬ್ಬರು ಹೇಳಿದರು. ನೀವಾಗಿದ್ದರೆ ಎಲ್ಲಿಂದ ಶುರು ಮಾಡ್ತೀರಿ? ನನ್ನ ಹತ್ತಿರ ಇರುವುದು ಮಾಮೂಲಿ ಮಲ್ಟಿಮೀಟರ್ ಮಾತ್ರ.

ಉತ್ತರ:
ಇಷ್ಟು ಬೇಗ ಆಸೆ ಬಿಡಬೇಡಿ. ಚಿತ್ರ ದೊಡ್ಡದಾಗುತ್ತದೆ ಅಂದಿರಲ್ಲ, ಅದು ಒಳ್ಳೆಯ ಸುಳಿವು. ಹೈ ವೋಲ್ಟೇಜ್ ಇಳಿದರೆ ಎಲೆಕ್ಟ್ರಾನುಗಳ ವೇಗ ಕಡಿಮೆಯಾಗುತ್ತದೆ. ಆಗ ಡಿಫ್ಲೆಕ್ಷನ್ ಪ್ಲೇಟುಗಳು ಅವನ್ನು ಸುಲಭವಾಗಿ ಬಾಗಿಸುತ್ತವೆ. ಚಿತ್ರ ಅಡ್ಡಕ್ಕೂ ಮೇಲಕ್ಕೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತಿದೆಯಾ ನೋಡಿ. ಹೌದಾದರೆ ಹೈ ವೋಲ್ಟೇಜನ್ನೇ ಹಿಡಿಯಿರಿ. ಮೇಲಕ್ಕೆ ಮಾತ್ರ ಹಿಗ್ಗಿದರೆ ವರ್ಟಿಕಲ್ ಆಂಪ್ಲಿಫೈಯರ್ ಕಡೆ ಹೋಗಬೇಕು.

ಆದರೆ ಹೈ ವೋಲ್ಟೇಜ್ ಪೆಟ್ಟಿಗೆ ಬಿಚ್ಚುವ ಮೊದಲು ಲೋ ವೋಲ್ಟೇಜ್ ಸಪ್ಲೈಗಳನ್ನು ಅಳೆಯಿರಿ. ಟೆಕ್ಟ್ರಾನಿಕ್ಸ್ 545, 547 ತರಹದ ಸೆಟ್ಟುಗಳಲ್ಲಿ ಮೈನಸ್ 150 ವೋಲ್ಟ್ ಸಪ್ಲೈಯೇ ತಾಯಿಬೇರು. 100, 225, 350 ವೋಲ್ಟ್ ಎಲ್ಲವೂ ಅದರ ಲೆಕ್ಕದಲ್ಲೇ ನಿಲ್ಲುತ್ತವೆ. ಅದು ಬಿಸಿಗೆ ಜಾರಿದರೆ ಹೈ ವೋಲ್ಟೇಜೂ ಜಾರುತ್ತದೆ. ತಣ್ಣಗಿದ್ದಾಗ ಒಮ್ಮೆ, ಟ್ರೇಸ್ ಮಂಕಾದಾಗ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ.

ಅವೆಲ್ಲ ಸರಿಯಿದ್ದರೆ ಆಸಿಲೇಟರ್ ವಾಲ್ವ್‌ಗೆ ಬನ್ನಿ. ಟ್ರಾನ್ಸ್‌ಫಾರ್ಮರಿಗೆ ಹತ್ತಾರು ಕಿಲೋಹರ್ಟ್ಸ್ ಕೊಡುವುದು ಇದೇ. ಪಿಕ್ಚರ್ ಟ್ಯೂಬಿನ ಕ್ಯಾಥೋಡ್ (ಎಲೆಕ್ಟ್ರಾನುಗಳು ಹೊರಡುವ ಭಾಗ) ವೋಲ್ಟೇಜಿನ ಒಂದು ಪಾಲು ರೆಸಿಸ್ಟರುಗಳ ಮೂಲಕ ವಾಪಸ್ ಬರುತ್ತದೆ. ಕ್ಯಾಥೋಡ್ ವೋಲ್ಟೇಜ್ ಕಡಿಮೆಯಾಯಿತು ಅನ್ನಿಸಿದರೆ ಕಂಟ್ರೋಲ್ ಸರ್ಕ್ಯೂಟ್ ಆಸಿಲೇಟರ್ ಹೆಚ್ಚು ಶಕ್ತಿ ಕೊಡಲಿ ಎಂದು ಅದರ ಸ್ಕ್ರೀನ್ ಗ್ರಿಡ್ (ವಾಲ್ವ್ ಒಳಗಿನ ಒಂದು ಜಾಲರಿ) ವೋಲ್ಟೇಜನ್ನು ಏರಿಸುತ್ತದೆ. ಇಲ್ಲೇ ನಿಮಗೆ ಅನುಕೂಲ ಇದೆ. ಸ್ಕ್ರೀನ್ ಗ್ರಿಡ್ಡಿನಲ್ಲಿರುವುದು ನಿಮ್ಮ ಮೀಟರ್ ತಾಳುವ ವೋಲ್ಟೇಜು. ಮೀಟರ್ ಅಲ್ಲಿ ಸಿಕ್ಕಿಸಿ, ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂರಿ.

ರೀಡಿಂಗ್ ಮೆಲ್ಲಗೆ ಏರುತ್ತಾ ಹೋಗಿ ಒಂದು ಕಡೆ ನಿಂತು, ಆಮೇಲೆ ಟ್ರೇಸ್ ಹಾಳಾಗಲು ಶುರುವಾದರೆ ಕಂಟ್ರೋಲ್ ಸರ್ಕ್ಯೂಟ್ ತನ್ನ ಕೈಲಾದಷ್ಟು ಮಾಡಿದೆ ಎಂದರ್ಥ. ಒಂದೋ ಆಸಿಲೇಟರ್ ವಾಲ್ವ್ ಸೊರಗಿದೆ, ಇಲ್ಲಾ ಮುಂದೆ ಎಲ್ಲೋ ಲೋಡ್ ಏರುತ್ತಿದೆ. ಟ್ರೇಸ್ ಹಾಳಾದರೂ ರೀಡಿಂಗ್ ಏರದಿದ್ದರೆ ದೋಷ ಕಂಟ್ರೋಲ್ ಸರ್ಕ್ಯೂಟಿನಲ್ಲೇ ಇದೆ, ಟ್ರಾನ್ಸ್‌ಫಾರ್ಮರನ್ನು ಸುಮ್ನೆ ದೂರುವುದು ಬೇಡ. ಈ ಒಂದು ಅಳತೆ ಅರ್ಧ ಕೆಲಸ ಮುಗಿಸುತ್ತದೆ ಎಂಬುದು ನನ್ನ ಅನುಭವ.

ಉತ್ತರ:
ಮೇಲಿನವರು ಹೇಳಿದ್ದು ಸರಿ. ಸ್ಕ್ರೀನ್ ಗ್ರಿಡ್ ವೋಲ್ಟೇಜ್ ಏರುತ್ತಿದ್ದರೆ ಮೊದಲು ಆ ವಾಲ್ವ್ ಬದಲಿಸಿ. ಆಮೇಲೆ ಹೈ ವೋಲ್ಟೇಜ್ ಭಾಗದ ಡಿಸ್ಕ್ ಸೆರಾಮಿಕ್ ಕೆಪಾಸಿಟರುಗಳು. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಾಗ ಲೀಕ್ ಆಗುವುದು ಇವುಗಳ ಹಳೇ ಚಾಳಿ. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಸಿಗುವುದು ಕೆಲವೇ ವೋಲ್ಟ್. ಒಂದು ಕಾಲು ಬಿಚ್ಚಿ, ಅದೇ ರೇಟಿಂಗಿನ ಹೊಸದನ್ನು ಹಾಕಿ ನೋಡುವುದೇ ದಾರಿ.

ಟ್ರಾನ್ಸ್‌ಫಾರ್ಮರ್ ಕೊನೆಯ ಆರೋಪಿ. ಆದರೆ ಅದನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಟೆಕ್ಟ್ರಾನಿಕ್ಸ್ 500 ಸರಣಿಯಲ್ಲಿ ಎಪಾಕ್ಸಿ ತುಂಬಿದ ಕೆಲವು ಟ್ರಾನ್ಸ್‌ಫಾರ್ಮರುಗಳು ವಯಸ್ಸಾದ ಮೇಲೆ ನಷ್ಟ ಜಾಸ್ತಿ ಮಾಡುತ್ತವೆ, ಇದು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ವಿಷಯ. ಬಿಸಿಯಾದಷ್ಟೂ ನಷ್ಟ, ನಷ್ಟ ಆದಷ್ಟೂ ಬಿಸಿ. ಇನ್ನೊಂದು ತೊಡಕೂ ಇದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್‌ಗಳ ಫಿಲಮೆಂಟಿಗೆ ಕರೆಂಟ್ ಬರುವುದು ಇದೇ ಟ್ರಾನ್ಸ್‌ಫಾರ್ಮರಿನಿಂದ. ವೋಲ್ಟೇಜ್ ಇಳಿದರೆ ಫಿಲಮೆಂಟೂ ಮಂಕು. ಅದಕ್ಕೇ ಕೊನೆಯಲ್ಲಿ ಟ್ರೇಸ್ ಒಮ್ಮೆಗೇ ಮಾಯವಾಗುವುದು.

ಪರೀಕ್ಷೆ ಹೀಗೆ ಮಾಡಿ. ಪೋಸ್ಟ್ ಆಕ್ಸಿಲರೇಶನ್ (ಪ್ಲೇಟುಗಳನ್ನು ದಾಟಿದ ಎಲೆಕ್ಟ್ರಾನುಗಳಿಗೆ ಇನ್ನಷ್ಟು ವೇಗ ಕೊಡುವ ಸಪ್ಲೈ) ರೆಕ್ಟಿಫೈಯರುಗಳನ್ನು ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿ, ಕ್ಯಾಥೋಡ್ ಸಪ್ಲೈ ಮಾತ್ರ ಉಳಿಸಿ ಓಡಿಸಿ. ಸ್ಕ್ರೀನ್ ವೋಲ್ಟೇಜ್ ಏರದೆ ನಿಂತರೆ ತಪ್ಪು ಬಿಚ್ಚಿದ ಭಾಗದಲ್ಲಿದೆ. ಆಗಲೂ ಏರುತ್ತಿದ್ದರೆ, ಉಳಿದ ಕೆಪಾಸಿಟರುಗಳೂ ಹೊಸದಾಗಿದ್ದರೆ, ಟ್ರಾನ್ಸ್‌ಫಾರ್ಮರೇ. ಹಳೆಯ ಫೆರೈಟ್ ಕೋರ್ ಇಟ್ಟುಕೊಂಡು ಕಾಯಿಲ್ ಹೊಸದಾಗಿ ಸುತ್ತಿ ಬದುಕಿಸಿದವರಿದ್ದಾರೆ. ತಾಳ್ಮೆಯ ಕೆಲಸ, ಆದರೆ ಆಗದ್ದಲ್ಲ.

ಉತ್ತರ:
ಸ್ಕ್ರೀನ್ ಗ್ರಿಡ್ ರೀಡಿಂಗ್ ಏರದಿದ್ದರೆ ನೋಡಬೇಕಾದದ್ದು ಕ್ಯಾಥೋಡ್ ವೋಲ್ಟೇಜಿನ ಪಾಲನ್ನು ವಾಪಸ್ ತರುವ ಆ ಫೀಡ್‌ಬ್ಯಾಕ್ ರೆಸಿಸ್ಟರುಗಳು. ಮೆಗಾಓಮ್ ಲೆಕ್ಕದ ಹಳೆಯ ಕಾರ್ಬನ್ ರೆಸಿಸ್ಟರುಗಳು ವರ್ಷ ಕಳೆದಂತೆ ಬದಲಾಗುತ್ತವೆ. ಸಾಮಾನ್ಯವಾಗಿ ಓಮ್ ಮೌಲ್ಯ ಮೇಲಕ್ಕೇ ಹೋಗುತ್ತದೆ, ಆಗ ಹೈ ವೋಲ್ಟೇಜ್ ಜಾಸ್ತಿಯಾಗಿ ಚಿತ್ರ ಚಿಕ್ಕದಾಗುತ್ತದೆ. ನಿಮ್ಮದು ಉಲ್ಟಾ, ಹಾಗಾಗಿ ನನಗೆ ಇದರ ಮೇಲೆ ಅನುಮಾನ ಕಡಿಮೆ.

ಉತ್ತರ:
ಮುಟ್ಟುವ ಮೊದಲು ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಎಲ್ಲರೂ ಕ್ಯಾಥೋಡ್ ಸಪ್ಲೈಯ 1850 ವೋಲ್ಟ್‌ಗೆ ಹೆದರುತ್ತಾರೆ, 350 ವೋಲ್ಟನ್ನು ಮರೆಯುತ್ತಾರೆ. 350 ವೋಲ್ಟ್ ತುಂಬಿದ 125 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 7 ಜೂಲ್‌ಗಿಂತ ಹೆಚ್ಚು ಶಕ್ತಿ ಇರುತ್ತದೆ. 1850 ವೋಲ್ಟ್ ತುಂಬಿದ 0.015 ಮೈಕ್ರೋಫ್ಯಾರಡ್‌ನಲ್ಲಿ 0.03 ಜೂಲ್‌ಗಿಂತಲೂ ಕಡಿಮೆ. ಜೀವ ತೆಗೆಯುವುದು ಲೋ ವೋಲ್ಟೇಜ್ ಎಂದು ಕರೆಸಿಕೊಳ್ಳುವ ಆ ಸಪ್ಲೈ. ಹಾಗಂತ ಇನ್ನೊಂದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನೂ ಹಳೆಯ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರಿನಿಂದಲೇ ನೇರ 2000 ವೋಲ್ಟ್ ಬರುತ್ತದೆ, ಕೆಪಾಸಿಟರುಗಳೂ ದೊಡ್ಡವು. ಅವು ಎಲ್ಲಕ್ಕಿಂತ ಅಪಾಯ.

ಪಿಕ್ಚರ್ ಟ್ಯೂಬಿನ ಹೀಟರ್ ವೈರುಗಳೂ ಕ್ಯಾಥೋಡಿನ ವೋಲ್ಟೇಜಿನಲ್ಲೇ ಇರುತ್ತವೆ. 6.3 ವೋಲ್ಟ್ ತಾನೇ ಎಂದು ಮುಟ್ಟಿಬಿಡಬೇಡಿ. ಮಾಮೂಲಿ ಮೀಟರ್ ತಾಳುವುದು 1000 ವೋಲ್ಟ್‌ವರೆಗೆ, ಅದರ ವೈರಿನ ಇನ್ಸುಲೇಶನ್ನೂ ಅಷ್ಟಕ್ಕೇ. ಕ್ಯಾಥೋಡ್ ಅಳೆಯಲು ಹೈ ವೋಲ್ಟೇಜ್ ಪ್ರೋಬ್ ಬೇಕೇ ಬೇಕು. ಆಫ್ ಮಾಡಿ, ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಪ್ರೋಬ್ ಸಿಕ್ಕಿಸಿ, ಕೈ ತೆಗೆದ ಮೇಲೆ ಆನ್ ಮಾಡಿ. ಸ್ಕ್ರೀನ್ ಗ್ರಿಡ್ ಅಳೆಯುವಾಗಲೂ ಇದೇ ಕ್ರಮ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಚಿತ್ರ ಎರಡೂ ಕಡೆ ಒಂದೇ ಥರ ಹಿಗ್ಗುತ್ತಿದೆ. ಮೈನಸ್ 150 ಅಲುಗಾಡುತ್ತಿಲ್ಲ. ಸ್ಕ್ರೀನ್ ವೋಲ್ಟೇಜ್ ಮಾತ್ರ ಶುರುವಿನಿಂದಲೇ ಏರುತ್ತಿದೆ, ವಾಲ್ವ್ ಬದಲಿಸಿದರೂ ಅಷ್ಟೇ. ಈಗ ಕೆಪಾಸಿಟರುಗಳಿಗೆ ಕೈ ಹಾಕುತ್ತೇನೆ.

ಉತ್ತರ:
ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು, ಬಿಡಿಭಾಗಗಳ ಕಾಲುಗಳನ್ನು ಸೋಲ್ಡರ್ ಮಾಡಿರುವ ಒಳಗಿನ ಬಿಳಿ ಸೆರಾಮಿಕ್ ಪಟ್ಟಿಗಳನ್ನು ನೋಡಿ. ನಿಮ್ಮದರಲ್ಲೂ ಅಂಥವಿದ್ದರೆ ಬೆಳ್ಳಿ ಸೇರಿದ ಸೋಲ್ಡರನ್ನೇ ಬಳಸಿ, ಸುಮಾರು 3 ಪರ್ಸೆಂಟ್ ಬೆಳ್ಳಿ ಇರುವುದು. ಮಾಮೂಲಿ ಸೋಲ್ಡರ್ ಮತ್ತೆ ಮತ್ತೆ ಹಾಕಿದರೆ ಪಟ್ಟಿಯ ಮೇಲಿನ ಬೆಳ್ಳಿ ಲೇಪ ಕರಗಿ ಎದ್ದು ಬರುತ್ತದೆ. ಅನೇಕ ಸೆಟ್ಟುಗಳ ಒಳಗೆ ಆ ಸೋಲ್ಡರಿನ ಚಿಕ್ಕ ಸುರುಳಿಯನ್ನೇ ಇಟ್ಟು ಕಳಿಸುತ್ತಿದ್ದರು, ಒಮ್ಮೆ ಹುಡುಕಿ ನೋಡಿ. ಒಂದೊಂದೇ ಕೆಪಾಸಿಟರ್ ಬದಲಿಸಿ, ಪ್ರತಿ ಸಲ ಸ್ಕ್ರೀನ್ ವೋಲ್ಟೇಜ್ ಎಷ್ಟು ಹೊತ್ತಿಗೆ ಎಷ್ಟು ಏರಿತು ಎಂದು ಇಲ್ಲಿ ಹಾಕಿ. ಅದನ್ನು ನೋಡಿ ಟ್ರಾನ್ಸ್‌ಫಾರ್ಮರಿನ ವಿಷಯ ಮಾತಾಡೋಣ.