ಮಗ ಸಣ್ಣ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್ ಆಗುತ್ತೇನೆ ಅನ್ನುತ್ತಿದ್ದಾನೆ. ಅದರಲ್ಲಿ ಬದುಕು ಇದೆಯಾ?

ಪ್ರಶ್ನೆ: ಮೈಸೂರಮ್ಮ

ನಮಸ್ಕಾರ. ನಾವಿರುವುದು ಮಿನಿಯಾಪೊಲಿಸ್ ಹತ್ತಿರ. ಮಗ ಇಲ್ಲೇ ಹುಟ್ಟಿ ಬೆಳೆದವನು, ಈಗ ಡಿಗ್ರಿ ಕೊನೆಯ ವರ್ಷ. ಹೈಸ್ಕೂಲಿನಿಂದಲೂ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಪ್ರೊಫೆಷನಲ್ ಆಗುವ ಮಟ್ಟದ ಆಟಗಾರ ತಾನಲ್ಲ ಅಂತ ಅವನೇ ಹೇಳುತ್ತಾನೆ. ಆದರೆ ಯಾವುದಾದರೂ ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರನೇ ದರ್ಜೆ) ಕಾಲೇಜಿನಲ್ಲಿ ಸಹಾಯಕ ಕೋಚ್ ಆಗಿ ಸೇರುತ್ತಾನಂತೆ. ಟಿವಿಯಲ್ಲಿ ಕಾಣುವ ದೊಡ್ಡ ಸಂಬಳದ ಕೋಚ್‌ಗಳ ಲೋಕವೇ ಬೇರೆ ಅಂತ ಗೊತ್ತು. ಮನೆಯವರು ಬೇಡ ಅನ್ನುತ್ತಿದ್ದಾರೆ. ಇಂಥ ಸಣ್ಣ ಕಡೆ ಇದ್ದು ಯಾರಾದರೂ ಒಳ್ಳೆಯ ಬದುಕು ಕಟ್ಟಿಕೊಂಡಿದ್ದಾರಾ? ಗೊತ್ತಿದ್ದವರು ಹೇಳಿ.

ಉತ್ತರ: ಸೇಂಟ್‌ಕ್ಲೌಡ್ ಶಿವು

ನೀವು ಮಿನ್ನೆಸೋಟದಲ್ಲೇ ಇದ್ದು ಈ ಪ್ರಶ್ನೆ ಕೇಳಿದ್ದೀರಿ. ಜಾನ್ ಗಾಗ್ಲಿಯಾರ್ಡಿ ಹೆಸರು ಹೇಳದೆ ಹೇಗಿರಲಿ!

ನಾನು ಸೇಂಟ್ ಕ್ಲೌಡ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಪಕ್ಕದ ಕಾಲೇಜ್‌ವಿಲ್‌ಗೆ, ಸೇಂಟ್ ಜಾನ್ಸ್ ಯೂನಿವರ್ಸಿಟಿಗೆ, ಪಂದ್ಯ ನೋಡಲು ಹೋಗುತ್ತಿದ್ದೆ. ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ಸ್ಥಾಪಿಸಿದ ಸಣ್ಣ ಕಾಲೇಜು. ಸುತ್ತ ಮರಗಳು, ನಡುವೆ ತಗ್ಗಿನಲ್ಲಿ ಮೈದಾನ. ಜಾನ್ 1953ರಲ್ಲಿ ಅಲ್ಲಿಗೆ ಫುಟ್‌ಬಾಲ್ ಕೋಚ್ ಆಗಿ ಬಂದರು, 2012ರವರೆಗೆ ಅಲ್ಲೇ ಇದ್ದರು. ನಿವೃತ್ತಿಯಾದಾಗ 86 ವಯಸ್ಸು.

ಶುರುವಾದದ್ದು ಕೇಳಿದರೆ ಆಶ್ಚರ್ಯ ಆಗುತ್ತದೆ. ಕೊಲರಾಡೊದ ಟ್ರಿನಿಡಾಡ್ ಎಂಬ ಊರು, 1943. ಇವರ ಹೈಸ್ಕೂಲ್ ಕೋಚ್ ಯುದ್ಧಕ್ಕೆ ಹೋಗಬೇಕಾಯಿತು. ತಂಡವೇ ನಿಂತುಹೋಗುವ ಸ್ಥಿತಿ. ಹದಿನಾರರ ಹುಡುಗ ಜಾನ್, ನಾನೇ ನೋಡಿಕೊಳ್ಳುತ್ತೇನೆ ಅಂತ ಶಾಲೆಯವರನ್ನು ಒಪ್ಪಿಸಿದರು. ಹಳೆಯ ಕೋಚ್ ಮಾಡಿಸುತ್ತಿದ್ದ ದಂಡ ಕಸರತ್ತು ನಿಲ್ಲಿಸಿದರು. ಅಭ್ಯಾಸದ ಮಧ್ಯೆ ನೀರು ಕುಡಿಯಬಾರದು ಎಂಬ ಆಗಿನ ಪದ್ಧತಿಯನ್ನೂ ತೆಗೆದುಹಾಕಿದರು. ಆಮೇಲೆ ಮೊಂಟಾನಾದ ಕ್ಯಾರೊಲ್ ಕಾಲೇಜು, ಅಲ್ಲಿಂದ ಸೇಂಟ್ ಜಾನ್ಸ್.

ನನಗೆ ಅವರ ಗೆಲುವಿನ ಲೆಕ್ಕಕ್ಕಿಂತ ಅವರ ಅಭ್ಯಾಸದ ರೀತಿಯೇ ದೊಡ್ಡದು. ವಿಸಿಲ್ ಇಲ್ಲ. ಅಭ್ಯಾಸದಲ್ಲಿ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು) ಇಲ್ಲವೇ ಇಲ್ಲ, ತಮ್ಮ ಹುಡುಗರಿಗೆ ತಮ್ಮವರಿಂದಲೇ ಯಾಕೆ ಏಟು ಬೀಳಬೇಕು? ಒಂದೂವರೆ ಗಂಟೆಗಿಂತ ಜಾಸ್ತಿ ಅಭ್ಯಾಸ ಇಲ್ಲ. ಸೇರಲು ಬಂದ ಹುಡುಗರನ್ನು ಬೇಡ ಅಂತ ತೆಗೆಯುವುದಿಲ್ಲ, ಹಾಗಾಗಿ ತಂಡದಲ್ಲಿ ನೂರೈವತ್ತಕ್ಕೂ ಮೀರಿ ಹುಡುಗರು. ಸೊಳ್ಳೆ ಜಾಸ್ತಿಯಾದರೆ ಒಳಗೆ ಹೋಗುವುದು. ವಾರ್ಮಪ್ಪಿನಲ್ಲಿ ಒಂದು ಡ್ರಿಲ್ ಇತ್ತು: ಹುಲ್ಲಿನ ಮೇಲೆ ಅಂಗಾತ ಮಲಗಿ, ಪಕ್ಕದವನ ಕಡೆ ತಿರುಗಿ, ಇವತ್ತು ಹವಾ ಚೆನ್ನಾಗಿದೆ ಅಲ್ವಾ ಅನ್ನುವುದು. ಅಷ್ಟೇ! ಅವರನ್ನು ಯಾರೂ ‘ಕೋಚ್’ ಅನ್ನುವಂತಿರಲಿಲ್ಲ. ಎಂಬತ್ತು ದಾಟಿದವರನ್ನು ಹದಿನೆಂಟರ ಹುಡುಗರು ‘ಜಾನ್’ ಅಂತ ಕರೆಯುವುದು ಮೇಷ್ಟರ ಮುಂದೆ ಕೈಕಟ್ಟಿ ನಿಂತು ಬೆಳೆದ ನನಗೆ ಮೊದಮೊದಲು ವಿಚಿತ್ರ ಅನ್ನಿಸಿತು. ಆದರೆ ಆ ಹುಡುಗರು ಅವರ ಮಾತನ್ನು ಎಷ್ಟು ಗಮನವಿಟ್ಟು ಕೇಳುತ್ತಿದ್ದರು ಅಂತೀರಿ.

ಮೆತ್ತಗಿನ ತಂಡ ಅಂದುಕೊಳ್ಳಬೇಡಿ. ಒಟ್ಟು 489 ಗೆಲುವು, 138 ಸೋಲು, 11 ಡ್ರಾ. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲಿ ಯಾವ ಕೋಚ್ ಕೂಡ ಇಷ್ಟು ಗೆದ್ದಿಲ್ಲ. 1963, 1965, 1976, 2003ರಲ್ಲಿ ರಾಷ್ಟ್ರೀಯ ಚಾಂಪಿಯನ್. 2003ರ ನವೆಂಬರ್ 8ರಂದು ಬೆಥೆಲ್ ತಂಡದ ವಿರುದ್ಧ 29-26ರಲ್ಲಿ ಗೆದ್ದು ಗ್ರ್ಯಾಂಬ್ಲಿಂಗ್ ಯೂನಿವರ್ಸಿಟಿಯ ಕೋಚ್ ಎಡ್ಡಿ ರಾಬಿನ್ಸನ್ ಅವರ 408 ಗೆಲುವಿನ ದಾಖಲೆ ದಾಟಿದರು. ಅದೇ ವರ್ಷದ ಫೈನಲ್‌ನಲ್ಲಿ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24-6ರಲ್ಲಿ ಸೋಲಿಸಿದರು.

ಅವರಿಗೆ ದೊಡ್ಡ ಜಾಗಕ್ಕೆ ಹೋಗುವ ಹಂಬಲವಿರಲಿಲ್ಲ. ಮೊದಲ ವರ್ಷಗಳಲ್ಲಿ ಐಸ್ ಹಾಕಿಗೂ ಅವರೇ ಕೋಚ್. ಫುಟ್‌ಬಾಲ್ ಕುರಿತು ಒಂದು ಕ್ಲಾಸೂ ತೆಗೆದುಕೊಳ್ಳುತ್ತಿದ್ದರು. ಸಣ್ಣ ಕಾಲೇಜು ಅವರಿಗೆ ಮೆಟ್ಟಿಲಾಗಿರಲಿಲ್ಲ, ಮನೆಯಾಗಿತ್ತು. ನಿಮ್ಮ ಮಗನಿಗೆ ಹುಡುಗರ ಜೊತೆ ಇರುವುದೇ ಇಷ್ಟವಾದರೆ ಖಂಡಿತ ಬದುಕು ಇದೆ. ಟಿವಿಯ ಕೋಚ್ ಆಗುವ ಆಸೆಯಿಂದ ಹೋಗುತ್ತಿದ್ದರೆ ಇನ್ನೊಮ್ಮೆ ಯೋಚಿಸಲಿ.

ಉತ್ತರ: ಸಾಗರದವಳು

ಶಿವು ಬರೆದದ್ದು ಓದಿ ಖುಷಿಯಾಯಿತು. ಆದರೆ ಅಮ್ಮನಿಗೆ ಇನ್ನೊಂದು ಮುಖವೂ ಗೊತ್ತಿರಲಿ. ನಾನು ಇಂಥದೇ ಒಂದು ಕಾಲೇಜಿನ ಅಡ್ಮಿಷನ್ ಆಫೀಸಿನಲ್ಲಿ ಇದ್ದೆ. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಆದ್ದರಿಂದ ಕೋಚ್‌ಗಳ ಅರ್ಧ ಕೆಲಸ ಹುಡುಗರನ್ನು ಹುಡುಕಿ ತರುವುದೇ. ಚಳಿಗಾಲ ಪೂರ್ತಿ ಹೈಸ್ಕೂಲಿಂದ ಹೈಸ್ಕೂಲಿಗೆ ಕಾರು ಓಡಿಸುತ್ತಾರೆ. ರಾತ್ರಿ ಹೊತ್ತು ಅಪ್ಪ ಅಮ್ಮಂದಿರ ಫೋನು: ಫೀಸ್ ಎಷ್ಟು, ಎಷ್ಟು ರಿಯಾಯಿತಿ ಸಿಗಬಹುದು? ಸಣ್ಣ ಖಾಸಗಿ ಕಾಲೇಜುಗಳಿಗೆ ಫುಟ್‌ಬಾಲ್ ಬೇಕಾಗಿರುವುದೇ ಸೀಟು ತುಂಬಲು. ಪಂದ್ಯ ಗೆದ್ದರೂ ಹುಡುಗರು ಸೇರದಿದ್ದರೆ ಕೋಚ್ ಮೇಲೆ ಒತ್ತಡ ಬೀಳುತ್ತದೆ.

ಸಹಾಯಕ ಕೋಚ್‌ಗಳಲ್ಲಿ ಎಷ್ಟೋ ಜನ ಪಾರ್ಟ್ ಟೈಮ್. ಹಗಲು ಸ್ಕೂಲಿನಲ್ಲಿ ಪಾಠ, ಸಂಜೆ ಮೈದಾನ. ಗ್ರಾಜುಯೇಟ್ ಅಸಿಸ್ಟೆಂಟ್ (ಮಾಸ್ಟರ್ಸ್ ಓದುತ್ತಾ ಕೋಚ್‌ಗೆ ನೆರವಾಗುವ) ಜಾಗ ಸಿಕ್ಕರೆ ವಾಸಿ, ಸ್ವಲ್ಪ ಭತ್ಯೆಯ ಜೊತೆಗೆ ಮಾಸ್ಟರ್ಸ್ ಫೀಸಿಗೂ ನೆರವು ಸಿಗುತ್ತದೆ. ಅರವತ್ತು ವರ್ಷ ಒಂದೇ ಕಡೆ ಇರುವುದು ಗಾಗ್ಲಿಯಾರ್ಡಿ ಒಬ್ಬರಿಗೆ ಆಯಿತು. ಉಳಿದವರು ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುವುದು ಮಾಮೂಲು. ಇಷ್ಟೆಲ್ಲ ಇದ್ದೂ ನಾನು ನೋಡಿದ ಕೋಚ್‌ಗಳಷ್ಟು ವಿದ್ಯಾರ್ಥಿಗಳ ಬಗ್ಗೆ ಕಾಳಜಿ ಇದ್ದವರು ಆ ಕ್ಯಾಂಪಸ್ಸಿನಲ್ಲಿ ಕಡಿಮೆ.

ಮೈಸೂರಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟ್ಯಾಕಲ್ ಇಲ್ಲದೆ ಅಭ್ಯಾಸ ಅಂದದ್ದು ಓದಿ ಮಗನಿಗೆ ತೋರಿಸಿದೆ. ಅವನಿಗೆ ಆಗಲೇ ಗೊತ್ತಿತ್ತು! ಈಗ ಮುಂದೇನು ಮಾಡಲಿ?

ಸೇಂಟ್‌ಕ್ಲೌಡ್ ಶಿವು

ಗೊತ್ತಿದೆ ಅಂದರೆ ಅವನು ಸುಮ್ನೆ ಹೇಳುತ್ತಿಲ್ಲ. ಸೆಪ್ಟೆಂಬರಿನ ಒಂದು ಶನಿವಾರ ಮನೆಯವರನ್ನೂ ಕರೆದುಕೊಂಡು ಕಾಲೇಜ್‌ವಿಲ್‌ಗೆ ಹೋಗಿ ಪಂದ್ಯ ನೋಡಿ. ಮಗ ಈ ವಾರವೇ ತನ್ನ ಕೋಚ್ ಹತ್ತಿರ ಗ್ರಾಜುಯೇಟ್ ಅಸಿಸ್ಟೆಂಟ್ ಜಾಗಗಳ ಬಗ್ಗೆ ಕೇಳಲಿ. ಈ ಕೆಲಸದಲ್ಲಿ ಪರಿಚಯದವರ ಒಂದು ಫೋನ್ ಕರೆಗೆ ತುಂಬಾ ಬೆಲೆ. ಆಫರ್ ಬಂದರೆ ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಲಿ: ಕಾಂಟ್ರ್ಯಾಕ್ಟ್ ಎಷ್ಟು ತಿಂಗಳದ್ದು, ಹೆಲ್ತ್ ಇನ್ಶೂರೆನ್ಸ್ ಇದೆಯಾ, ಫೀಸು ಪೂರ್ತಿ ಮನ್ನಾನಾ ಅರ್ಧನಾ. ಟೀಚಿಂಗ್ ಲೈಸೆನ್ಸ್ ಕೂಡ ಜೊತೆಗೇ ಮಾಡಿಕೊಂಡರೆ ನಿಮ್ಮ ಮನೆಯವರ ಚಿಂತೆ ಅರ್ಧ ಕಡಿಮೆಯಾಗುತ್ತದೆ.